ಗೇಟು ದಾಟಲಾರದವರ ಪರವಾಗಿ ಮೂಡಿಗೆರೆ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮೆಣಸು ಕೊಯ್ಲಿನಲ್ಲಿ ಸಿಲ್ವರ್ ಮರದಿಂದ ಬೀಳುವವರು, ಮಳೆಗಾಲದಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟು ಮಾಡಿಕೊಳ್ಳುವವರು ನಮ್ಮ ತಾಲ್ಲೂಕಿಗೆ ಹೊಸಬರಲ್ಲ. ಆಂಬುಲೆನ್ಸ್ ಹಾಸನಕ್ಕೋ, ಚಾರ್ಮಾಡಿ ಇಳಿದು ಮಂಗಳೂರಿಗೋ ಓಡುತ್ತದೆ. ಜೀವ ಉಳಿಯುತ್ತದೆ. ಹೊಲಿಗೆ ಬಿಚ್ಚಿ, ಫಿಟ್ಸ್ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ. ಅಲ್ಲಿಂದಾಚೆಗೆ ಕೇಳುವವರಿಲ್ಲ.

ನನ್ನ ತಮ್ಮ ಹಾಗೆ ಏಣಿಯಿಂದ ಬಿದ್ದವನು. ಈಗ ಕೈಕಾಲು ಚೆನ್ನಾಗಿವೆ, ಮಾತೂ ಸರಿಯಿದೆ. ಆದರೆ ಗೇಟು ದಾಟಲಾರ. ಬಸ್ಸಿನ ಹಾರ್ನ್, ಸಂತೆಯ ಗದ್ದಲ ತಡೆಯಲಾಗುವುದಿಲ್ಲ. ದಾರಿಯಲ್ಲಿ ತಲೆ ಸುತ್ತಿದರೆ? ನಾಲ್ಕು ಜನರ ಎದುರು ಫಿಟ್ಸ್ ಬಂದರೆ? ಎಲ್ಲಿಗೆ ಹೊರಟೆ ಅನ್ನುವುದೇ ಮರೆತುಹೋದರೆ? ಇವು ಸುಮ್ಮನೆ ಹುಟ್ಟಿದ ಭಯಗಳಲ್ಲ, ಪೆಟ್ಟು ತಿಂದ ಮಿದುಳಿಗೆ ಇವೆಲ್ಲ ಆಗುವಂಥವೇ. ಊರಿನವರು ಮಾತ್ರ ಮೊದಲು ಸೋಮಾರಿ ಅಂದರು, ಆಮೇಲೆ ಗಾಳಿ ಸೋಕಿದೆ ಅಂದರು. (ತಾಯಿತವೂ ಕಟ್ಟಿಸಿದ್ದಾಯಿತು, ಅಮ್ಮನ ಸಮಾಧಾನಕ್ಕೆ.)

ಇದಕ್ಕೆ ಚಿಕಿತ್ಸೆಯಿದೆ. ಮೊದಲು ತಲೆಸುತ್ತು, ಫಿಟ್ಸ್ ಹತೋಟಿಯಲ್ಲಿವೆಯೇ ಅಂತ ವೈದ್ಯರು ನೋಡಬೇಕು. ಆಮೇಲೆ ಭಯವನ್ನು ಸ್ವಲ್ಪಸ್ವಲ್ಪವೇ ಎದುರಿಸುವ ಅಭ್ಯಾಸ: ಗೇಟಿನವರೆಗೆ, ಅದು ರೂಢಿಯಾದ ಮೇಲೆ ಡೈರಿಯವರೆಗೆ, ಮುಂದೆ ಜನ ಕಡಿಮೆಯಿರುವ ಹೊತ್ತಿನ ಬಸ್ಸು. ಮಿದುಳು ಬೇಗ ದಣಿಯುವುದರಿಂದ ನಡುನಡುವೆ ವಿಶ್ರಾಂತಿ ಬೇಕು. ಬಲವಂತವಾಗಿ ಹೊರಗೆ ತಳ್ಳಿದರೆ ಭಯ ಹೆಚ್ಚುತ್ತದೆ. ಮನೆಯಲ್ಲೇ ಇರಲಿ ಬಿಡಿ ಅಂದರೂ ಹೆಚ್ಚುತ್ತದೆ. ಹದ ಗೊತ್ತಿರುವವರು ಜೊತೆಗೆ ನಡೆಯಬೇಕು.

ವಿಚಾರಿಸಿದಲ್ಲೆಲ್ಲ ನಮಗೆ ಸಿಕ್ಕ ಉತ್ತರ ಒಂದೇ: ಚಿಕ್ಕಮಗಳೂರಿಗೆ ಕರೆದುಕೊಂಡು ಬನ್ನಿ. ಗೇಟು ದಾಟಲಾರದವನು ಸುಮಾರು 30 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಓಪಿಡಿ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ನನಗೆ ಹೊರಗೆ ಬರಲು ಭಯ ಅನ್ನಬೇಕು! ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ದುಡ್ಡೂ ಇಲ್ಲ. ಇಂಥ ಮನೆಗಳಿಗೆ ಆ ನಂಬರು ಗೊತ್ತಿರಲೇಬೇಕು. ಆದರೆ ಫೋನು ಬಸ್‌ಸ್ಟಾಪಿನವರೆಗೆ ಜೊತೆಗೆ ಬರುವುದಿಲ್ಲ. ನಮ್ಮ ಕಡೆಯ ನೆಟ್‌ವರ್ಕಿನ ಕಥೆ ತಮಗೇ ಗೊತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಪಟ್ಟಿ ಮಾಡಿದೆ. ಅದರಲ್ಲಿ ತಲೆಪೆಟ್ಟಿಗೆ ಬೇರೆ ಹೆಸರಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ನೋಡಿ. ಮನೆಯಲ್ಲೇ ಪುನರ್ವಸತಿ, ಕುಟುಂಬಕ್ಕೆ ನೆರವು, ಎರಡನ್ನೂ ಸರ್ಕಾರದ ಹೊಣೆ ಎಂದೇ ಅದು ಹೇಳುತ್ತದೆ.

ಹಾಗಾಗಿ ಹೊಸ ಕಟ್ಟಡ ಕೇಳುತ್ತಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇವರಿಗೆ ತರಬೇತಿ ಕೊಡಲಿ, ಆಪ್ತಸಮಾಲೋಚಕರು ಇಂಥ ಮನೆಗಳಿಗೆ ತಿಂಗಳಿಗೊಮ್ಮೆಯಾದರೂ ಬರಲಿ. ಮುಂದಿನ ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಆರೋಗ್ಯಾಧಿಕಾರಿಗಳನ್ನು ಕೇಳಿ: ತಲೆಪೆಟ್ಟಾಗಿ ಮನೆ ಸೇರಿದವರ ಪಟ್ಟಿ ಇದೆಯೇ? ಅವರ ಮನೆಗೆ ಹೋಗುವವರು ಯಾರು? ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಲಿ, ಅದರ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ನಮಗೂ ಸಿಗುವಂತೆ ಮಾಡಿ.

ಇತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಅಕ್ಕ