ಈಡೇಲ್‌ನ ಕಾಲುದಾರಿಗಳಲ್ಲಿ ನಮ್ಮವರೂ ನಡೆಯಲಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳ್ಳಿಗಳ ಕುರಿತು ಕನ್ನಡ ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಪ್ರವಾಸ ಲೇಖನಗಳನ್ನು, ಶೆಫೀಲ್ಡ್ ನಗರದಲ್ಲಿ ನೆಲೆಸಿರುವ ನಾನು ತಪ್ಪದೆ ಓದುತ್ತೇನೆ. ಕಲ್ಲಿನ ಮನೆಗಳು, ಹಳೆಯ ಚರ್ಚು, ಕುರಿ ಮೇಯುವ ಗುಡ್ಡ, ಚಹಾದಂಗಡಿ ಇವೆಲ್ಲ ಅವುಗಳಲ್ಲಿ ಸೊಗಸಾಗಿ ಮೂಡಿಬರುತ್ತವೆ. ಆದರೆ ಆ ಹಳ್ಳಿಗಳಿಂದ ಹೊರಟು ಹೊಲ, ಹುಲ್ಲುಗಾವಲು, ತೊರೆಗಳನ್ನು ದಾಟಿ ಗುಡ್ಡದ ನೆತ್ತಿಯವರೆಗೆ ಹೋಗುವ ಕಾಲುದಾರಿಗಳ ಬಗ್ಗೆ, ಅವುಗಳಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದರ ಬಗ್ಗೆ ಒಂದು ಮಾತು ಸಿಗುವುದೂ ಅಪರೂಪ. ಮಕ್ಕಳ ಮನೆಗೆಂದು ಕರ್ನಾಟಕದಿಂದ ಬಂದು ತಿಂಗಳುಗಟ್ಟಲೆ ಇಲ್ಲಿರುವ ತಂದೆತಾಯಿಗಳ ದೃಷ್ಟಿಯಿಂದ ಇದು ದೊಡ್ಡ ಕೊರತೆ ಎಂದು ನನಗನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಊರಿನಲ್ಲಿ ಬೆಳಗಾದರೆ ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದ ಹಿರಿಯರು ಇಲ್ಲಿಗೆ ಬಂದಮೇಲೆ ಮಗನೋ ಮಗಳೋ ರಜೆಯ ದಿನ ಕಾರಿನಲ್ಲಿ ಕರೆದೊಯ್ಯಲಿ ಎಂದು ಕಾಯುತ್ತ ಕೂರುವುದನ್ನು ಇಲ್ಲಿನ ಅನೇಕ ಕನ್ನಡಿಗರ ಮನೆಗಳಲ್ಲಿ ಕಾಣುತ್ತೇನೆ. ಹೊಲದ ಅಂಚಿನಲ್ಲಿ ದಾರಿ ಕಂಡರೂ, ಯಾರದೋ ಜಮೀನು, ಒಳಗೆ ಕಾಲಿಟ್ಟರೆ ಏನಂದುಕೊಳ್ಳುತ್ತಾರೋ ಎಂದು ಹಿಂದೆ ಸರಿಯುತ್ತಾರೆ. ಆ ಸಂಕೋಚ ಸಹಜವಾದದ್ದು, ಜಮೀನು ನಿಜಕ್ಕೂ ಬೇರೆಯವರದೇ. ಆದರೆ ಅದರ ಮೇಲೆ ಹಾದುಹೋಗುವ ದಾರಿಯಲ್ಲಿ ನಡೆಯುವ ಹಕ್ಕು ಸಾರ್ವಜನಿಕರದು, ಮತ್ತು ಆ ಸಾರ್ವಜನಿಕರಲ್ಲಿ ನಿನ್ನೆ ಮೊನ್ನೆ ವಿಮಾನದಿಂದಿಳಿದ ನಮ್ಮ ಅಪ್ಪ ಅಮ್ಮಂದಿರೂ ಸೇರುತ್ತಾರೆ.

ಉದಾಹರಣೆಗೆ, ನನಗೆ ಚೆನ್ನಾಗಿ ಪರಿಚಯವಿರುವ ಈಡೇಲ್ ಎಂಬ ಹಳ್ಳಿಯನ್ನು ತೆಗೆದುಕೊಳ್ಳುತ್ತೇನೆ. ಡರ್ಬಿಷೈರಿನ ಕಣಿವೆಯೊಂದರಲ್ಲಿರುವ ಈ ಪುಟ್ಟ ಊರಿಗೆ ಶೆಫೀಲ್ಡಿನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ಮ್ಯಾಂಚೆಸ್ಟರಿನಿಂದಲೂ ಇದೇ ಮಾರ್ಗದಲ್ಲಿ ಬರಬಹುದು. ಉತ್ತರಕ್ಕೆ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಪ್ರಸ್ಥಭೂಮಿ, ದಕ್ಷಿಣಕ್ಕೆ ಮ್ಯಾಮ್ ಟಾರ್‌ನಿಂದ ಲೂಸ್ ಹಿಲ್‌ವರೆಗೆ ಚಾಚಿಕೊಂಡ ಬೆಟ್ಟಸಾಲು, ನಡುವೆ ಹಿಂದಿನ ದನಗಾಹಿಗಳ ನೆಲೆಗಳಿಂದ ಬೆಳೆದ, ಬೂತ್ ಎಂದು ಕರೆಯುವ ಐದು ಕೇರಿಗಳು. ಬೆಟ್ಟ ಹತ್ತಲಾಗದ ಹಿರಿಯರು ಗ್ರೈಂಡ್ಸ್‌ಬ್ರುಕ್ ಬೂತ್‌ನಿಂದ ಅಪ್ಪರ್ ಬೂತ್‌ವರೆಗೆ ಹುಲ್ಲುಗಾವಲಿನ ನಡುವೆ ನಡೆದು, ಬಾರ್ಬರ್ ಬೂತ್ ಕಡೆಯಿಂದ ನಿಲ್ದಾಣಕ್ಕೆ ಹಿಂದಿರುಗಬಹುದು. ಹೆಚ್ಚು ಏರಿಲ್ಲದ ಈ ಸುತ್ತು ಊಟದ ಹೊತ್ತಿನೊಳಗೆ ಮುಗಿಯುತ್ತದೆ. ಕಾಲಿನಲ್ಲಿ ಕಸುವಿರುವವರು ದಕ್ಷಿಣದ ಬೆಟ್ಟಸಾಲಿನಲ್ಲಿ ತಗ್ಗಾಗಿರುವ ಹಾಲಿನ್ಸ್ ಕ್ರಾಸ್ ಎಂಬ ದಾಟುಜಾಗಕ್ಕೆ ಏರಿ, ಬೆಟ್ಟಸಾಲಿನ ಮೇಲೆಯೇ 517 ಮೀಟರ್ ಎತ್ತರದ ಮ್ಯಾಮ್ ಟಾರ್‌ಗೆ ಹೋಗಬಹುದು, ಇಲ್ಲವೇ ಆಚೆ ಬದಿಯ ಕ್ಯಾಸಲ್‌ಟನ್‌ಗೆ ಇಳಿಯಬಹುದು.

ಈ ಹಾಲಿನ್ಸ್ ಕ್ರಾಸ್ ದಾರಿಯನ್ನು ಪ್ರವಾಸಿಗರಿಗಾಗಿ ಯಾರೂ ಕಡಿದದ್ದಲ್ಲ. 1630ರ ದಶಕದಲ್ಲಿ ಈಡೇಲ್‌ಗೆ ತನ್ನದೇ ಪ್ರಾರ್ಥನಾ ಮಂದಿರ ದೊರೆಯುವವರೆಗೆ ಊರಿನವರು ತಮ್ಮ ಸತ್ತವರನ್ನು ಹೆಗಲ ಮೇಲೆ ಹೊತ್ತು ಈ ಏರನ್ನು ಹತ್ತಿ ಕ್ಯಾಸಲ್‌ಟನ್ನಿನ ಚರ್ಚಿಗೆ ಒಯ್ಯುತ್ತಿದ್ದರು. ಮುಂದೆ ಈಡೇಲ್‌ನಲ್ಲಿ ಹತ್ತಿ ಗಿರಣಿ ಶುರುವಾದಾಗ ಕ್ಯಾಸಲ್‌ಟನ್ನಿನ ಕೂಲಿಕಾರರು ದಿನವೂ ಇದೇ ಬೆಟ್ಟ ದಾಟಿ ಕೆಲಸಕ್ಕೆ ಬರುತ್ತಿದ್ದರು. ಕಣಿವೆಯ ಪಶ್ಚಿಮ ತುದಿಯಲ್ಲಿ ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಮೆಟ್ಟಿಲುದಾರಿಯಿದೆ. ಅದರ ಬುಡದಲ್ಲಿರುವ, ಇಬ್ಬರು ಜೊತೆಯಾಗಿ ನಡೆಯಲೂ ಕಷ್ಟವೆನಿಸುವಷ್ಟು ಕಿರಿದಾದ ಕಲ್ಲಿನ ಸೇತುವೆ ಹೇರುಕುದುರೆಗಳಿಗಾಗಿ ಕಟ್ಟಿದ್ದು. ಈ ದಾರಿಗಳನ್ನು ಉಳಿಸಿದ್ದು ದುಡಿಯುವವರ ಕಾಲುಗಳೇ.

ಕಾನೂನಿನ ಭದ್ರತೆ ಬಂದದ್ದು ಬಹಳ ತಡವಾಗಿ. ಕಿಂಡರ್ ಸ್ಕೌಟ್ ಶ್ರೀಮಂತ ಭೂಮಾಲೀಕರು ಗ್ರೌಸ್ ಹಕ್ಕಿಯ ಬೇಟೆಗೆಂದು ಕಾವಲಿಟ್ಟುಕೊಂಡಿದ್ದ ಪ್ರದೇಶವಾಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವ ಕಾರ್ಮಿಕರು, 20 ವರ್ಷದ ಬೆನ್ನಿ ರಾತ್‌ಮನ್ ಮುಂದಾಳತ್ವದಲ್ಲಿ, ಹೇಫೀಲ್ಡ್ ಎಂಬ ಊರಿನಿಂದ ಹೊರಟು ಬೇಕೆಂದೇ ಈ ನಿಷಿದ್ಧ ಬೆಟ್ಟವನ್ನು ಹತ್ತಿದರು. ಶೆಫೀಲ್ಡಿನ ಗುಂಪೊಂದು ಈಡೇಲ್ ಕಡೆಯಿಂದ ಬಂದು ಅವರನ್ನು ಕೂಡಿಕೊಂಡಿತು. ಕಾವಲುಗಾರರೊಂದಿಗೆ ತಳ್ಳಾಟವಾಯಿತು, ಬಂಧಿತರಲ್ಲಿ ಐವರಿಗೆ 2ರಿಂದ 6 ತಿಂಗಳವರೆಗೆ ಜೈಲಾಯಿತು. ನಡೆದಾಡಲು ಹೊರಟ ಯುವಕರನ್ನು ಗಲಭೆ, ಹಲ್ಲೆಯಂಥ ಆರೋಪಗಳ ಮೇಲೆ ಜೈಲಿಗೆ ಹಾಕಿದ್ದು ಸಾಮಾನ್ಯ ಜನರ ಮನಸ್ಸನ್ನು ಕಲಕಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಹಾಗೂ ಗ್ರಾಮಾಂತರ ಪ್ರವೇಶದ ಕಾಯ್ದೆ ಬಂತು. 1951ರಲ್ಲಿ ಈಡೇಲ್ ಸೇರಿದಂತೆ ಈ ಇಡೀ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಪತ್ರಕರ್ತ ಟಾಮ್ ಸ್ಟೀವನ್ಸನ್ 1935ರಲ್ಲಿ ಪತ್ರಿಕಾ ಲೇಖನವೊಂದರಲ್ಲಿ ಮುಂದಿಟ್ಟಿದ್ದ ದೀರ್ಘ ಕಾಲುದಾರಿಯ ಯೋಚನೆ 1965ರ ಏಪ್ರಿಲ್ 24ರಂದು ಪೆನೈನ್ ವೇ ಎಂಬ ಹೆಸರಿನಲ್ಲಿ ಕೈಗೂಡಿತು. ಸುಮಾರು 430 ಕಿಲೋಮೀಟರ್ ಸಾಗಿ ಸ್ಕಾಟ್ಲೆಂಡಿನ ಗಡಿ ದಾಟಿ ಮುಗಿಯುವ ಆ ದಾರಿ ಶುರುವಾಗುವುದು ಇದೇ ಈಡೇಲ್‌ನಲ್ಲಿ. ಪತ್ರಿಕೆಯೊಂದರ ಪುಟದಲ್ಲಿ ಹುಟ್ಟಿದ ಮಾತಿಗೆ ಇಷ್ಟು ಬಲವಿದ್ದೀತು ಎಂಬುದನ್ನು ತಮಗೆ ಬರೆಯುವಾಗ ವಿಶೇಷವಾಗಿ ನೆನೆಯುತ್ತೇನೆ.

1949ರ ಕಾಯ್ದೆಯ ಹೆಚ್ಚಿನ ಕೊಡುಗೆ ಎಂದರೆ ನನ್ನ ಮಟ್ಟಿಗೆ ಉದ್ಯಾನಗಳಿಗಿಂತ ನಕ್ಷೆಗಳು. ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗವಾದ ಪ್ರತಿ ಕೌಂಟಿಯೂ ತನ್ನ ವ್ಯಾಪ್ತಿಯ ಸಾರ್ವಜನಿಕ ದಾರಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು ಅದು ವಿಧಿಸಿತು. ಅಲ್ಲಿ ಗುರುತಾದ ದಾರಿಯಲ್ಲಿ ಜನರಿಗೆ ಹಕ್ಕಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಹೊಲದ ನಡುವಿನ ಕಾಲುದಾರಿಯನ್ನು ಉಳುಮೆಗಾಗಿ ಕೆಡಿಸಿದರೆ, ಸಾಮಾನ್ಯವಾಗಿ 14 ದಿನಗಳೊಳಗೆ ಕನಿಷ್ಠ 1 ಮೀಟರ್ ಅಗಲಕ್ಕೆ ಅದನ್ನು ಮತ್ತೆ ನಡೆಯುವಂತೆ ಮಾಡಿಕೊಡುವುದು ರೈತನ ಹೊಣೆ. ನಮ್ಮ ಕಂದಾಯ ಇಲಾಖೆಯ ಗ್ರಾಮ ನಕಾಶೆಗಳಲ್ಲೂ ಕಾಲುದಾರಿ, ಬಂಡಿದಾರಿಗಳ ಗುರುತಿರುತ್ತದೆ. ಪಕ್ಕದ ಹೊಲದವರು ದಾರಿ ಮುಚ್ಚಿದರೆಂದು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ನಕ್ಷೆಯ ಮೇಲಿನ ಒಂದು ಗೆರೆಯ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬರುವವರಿಗೆ ಕೆಲವು ಉಪಯುಕ್ತ ಸಂಗತಿಗಳನ್ನೂ ಹೇಳುವೆ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ, ಈ ಪ್ರದೇಶವನ್ನು ತೋರಿಸುವ ಓಎಲ್ 1 ಸಂಖ್ಯೆಯ ನಕ್ಷೆಯಲ್ಲಿ 4 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ಅದರಲ್ಲಿ ಹಸಿರು ಬಣ್ಣದ ಗಿಡ್ಡ ತುಂಡುಗೆರೆ ಕಾಲುದಾರಿ, ಉದ್ದ ತುಂಡುಗೆರೆ ಕುದುರೆ ಸವಾರರೂ ಬಳಸಬಹುದಾದ ದಾರಿ. ನೆಲದ ಮೇಲೆ ಕಂಬ, ಗೇಟುಗಳಿಗೆ ಬಡಿದಿರುವ ಹಳದಿ ಬಾಣ ಕಾಲುದಾರಿಯನ್ನೂ ನೀಲಿ ಬಾಣ ಕುದುರೆ ದಾರಿಯನ್ನೂ ತೋರಿಸುತ್ತದೆ. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳನ್ನು ದಾಟಲು ಕೆಲವೆಡೆ, ನಮ್ಮ ಮಲೆನಾಡು ಕರಾವಳಿಯ ಬೇಲಿಗಳ ತಡಮೆಯಂತೆ, ಹತ್ತಿ ಇಳಿಯುವ ಮೆಟ್ಟಿಲುಗಳಿವೆ. ಮಂಡಿನೋವಿನವರಿಗೆ ಇವು ಕಷ್ಟ. ಇನ್ನು ಕೆಲವೆಡೆ ಪುಟ್ಟ ಆವರಣದೊಳಗೆ ತೂಗಾಡುವ ಗೇಟು ಇರುತ್ತದೆ. ಒಬ್ಬರು ಒಳಗೆ ನಿಂತು ಗೇಟನ್ನು ತಮ್ಮ ಬೆನ್ನ ಹಿಂದಕ್ಕೆ ಸರಿಸಿಕೊಂಡು ಆಚೆ ಹೋಗಬೇಕು, ಹಾಗಾಗಿ ಕುರಿ ದನ ತಪ್ಪಿಸಿಕೊಳ್ಳುವಂತಿಲ್ಲ. ಹೆಚ್ಚು ತುಳಿತವಿರುವ ಜಾಗಗಳಲ್ಲಿ ಚಪ್ಪಡಿ ಹಾಸಿದ್ದಾರೆ. ಪೆನೈನ್ ವೇಯಲ್ಲಿ ಹೀಗೆ ಹಾಸಿದ ಎಷ್ಟೋ ಚಪ್ಪಡಿಗಳು ಕೆಡವಿದ ಹತ್ತಿ ಗಿರಣಿಗಳ ನೆಲದಿಂದ ತಂದವು. ಮಳೆಯಲ್ಲಿ ಇವು ಜಾರುತ್ತವೆ, ಆದ್ದರಿಂದ ಹಿಡಿತವಿರುವ ಬೂಟು ಬೇಕೇ ಬೇಕು. ಕಿಂಡರ್ ಮೇಲೆ ಮಂಜು ಕವಿದರೆ ಬಲ್ಲವರೂ ದಿಕ್ಕು ತಪ್ಪುತ್ತಾರೆ. ಮೊದಲ ಸಲ ಬರುವ ಹಿರಿಯರನ್ನು ದಯವಿಟ್ಟು ಅಲ್ಲಿಗೆ ಕರೆದೊಯ್ಯಬೇಡಿ. ಅವಘಡವಾದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನೂ ಅವರ ಮೂಲಕ ಬೆಟ್ಟದ ರಕ್ಷಣಾ ತಂಡವನ್ನೂ ಕೇಳಬೇಕು.

ನಡೆಯುವವರ ಕರ್ತವ್ಯವೂ ಅಷ್ಟೇ ಮುಖ್ಯ. ಹೊಲದಲ್ಲಿ ಹಕ್ಕಿರುವುದು ದಾರಿಯ ಮೇಲೆ ಮಾತ್ರ; ಹುಲ್ಲು ಬೆಳೆದು ನಿಂತ ಗದ್ದೆಯಲ್ಲಿ ಹೊದಿಕೆ ಹಾಸಿ ಬುತ್ತಿ ಬಿಚ್ಚುವುದು ಸಲ್ಲದು. 2000ದ ಇನ್ನೊಂದು ಕಾಯ್ದೆಯಿಂದಾಗಿ ಕಿಂಡರ್‌ನಂಥ ಬಯಲುಗುಡ್ಡಗಳಲ್ಲಿ ದಾರಿ ಬಿಟ್ಟೂ ನಡೆಯಬಹುದು, ಆದರೆ ಹಕ್ಕಿಗಳು ನೆಲದ ಮೇಲೆ ಗೂಡು ಕಟ್ಟುವ ಕಾಲವನ್ನೊಳಗೊಂಡ ಮಾರ್ಚ್ 1ರಿಂದ ಜುಲೈ 31ರವರೆಗೆ ಅಲ್ಲಿ ನಾಯಿಗೆ ಗಿಡ್ಡ ಹಗ್ಗ ಕಡ್ಡಾಯ. ಕರುವಿರುವ ಹಸುಗಳ ನಡುವೆ ಹಾಯದೆ ಬಳಸಿ ಹೋಗಬೇಕು. ಗೇಟು ಹೇಗಿತ್ತೋ ಹಾಗೆಯೇ ಬಿಡಬೇಕು.

ಇಲ್ಲೇ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ. 1949ಕ್ಕಿಂತ ಹಿಂದಿನ ಎಷ್ಟೋ ದಾರಿಗಳು ಇನ್ನೂ ಅಧಿಕೃತ ನಕ್ಷೆಗೆ ಸೇರಿಲ್ಲ. ಅವುಗಳ ದಾಖಲಾತಿಗೆ ಮೊದಲು 2026ರ, ಆಮೇಲೆ 2031ರ ಗಡುವು ಇತ್ತು; ಆ ಗಡುವನ್ನೇ ರದ್ದು ಮಾಡುವುದಾಗಿ ಸರ್ಕಾರ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. 20 ವರ್ಷ ಜನರು ಅಡೆತಡೆಯಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಬಳಸಿದ ದಾರಿ ಸಾಮಾನ್ಯವಾಗಿ ಸಾರ್ವಜನಿಕವಾಗುತ್ತದೆಂದು ಕಾನೂನು ಒಪ್ಪುತ್ತದೆ. ಆದ್ದರಿಂದ ಬಳಕೆಯೇ ಇಲ್ಲಿ ಸಾಕ್ಷ್ಯ. ಮುರಿದ ಮೆಟ್ಟಿಲು, ಬೀಗ ಹಾಕಿದ ಗೇಟು, ಮುಳ್ಳುಪೊದೆ ಮುಚ್ಚಿದ ದಾರಿ ಕಂಡರೆ ಅಲ್ಲಿನ ಕೌಂಟಿ ಕೌನ್ಸಿಲ್‌ಗೆ ನಕ್ಷೆಯ ಚೌಕಗಳಿಂದ ಓದಿಕೊಳ್ಳುವ ಸ್ಥಳಸಂಖ್ಯೆಯೊಂದಿಗೆ ತಿಳಿಸಿ.

ತಮ್ಮಲ್ಲಿ ನನ್ನ ಕೋರಿಕೆಯೂ ಚಿಕ್ಕದೇ. ಇನ್ನು ಮುಂದೆ ಇಂಗ್ಲೆಂಡಿನ ಹಳ್ಳಿಯ ಬಗ್ಗೆ ಪ್ರವಾಸ ಲೇಖನ ಪ್ರಕಟಿಸುವಾಗ ಹತ್ತಿರದ ರೈಲು ನಿಲ್ದಾಣ, ನಕ್ಷೆಯ ಸಂಖ್ಯೆ, ಮತ್ತು ಅರವತ್ತು ದಾಟಿದವರೂ ನಡೆಯಬಹುದಾದ ಒಂದು ಕಾಲುದಾರಿಯ ವಿವರವನ್ನು ಚೌಕಟ್ಟಿನೊಳಗೆ ಕೊಡುವಂತೆ ಲೇಖಕರಿಗೆ ಸೂಚಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಶೆಫೀಲ್ಡ್, ಇಂಗ್ಲೆಂಡ್