ಜಾಕೊ ಸಂಗೀತಕ್ಕೆ ಕಾಯಿಲೆ ಕಾರಣವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಬೇಸ್ ಗಿಟಾರ್ ವಾದಕ ಜಾಕೊ ಪಸ್ಟೋರಿಯಸ್ ಬಗ್ಗೆ ಬಂದ ಬರಹ ಓದಿದೆ. ಕನ್ನಡದಲ್ಲಿ ಅವರ ಹೆಸರು ಕಂಡು ತುಂಬ ಖುಷಿಯಾಯಿತು. ಆದರೆ ಬರಹದ ಮುಕ್ಕಾಲು ಪಾಲು ಅವರ ಕುಡಿತ, ಬೀದಿಗೆ ಬಿದ್ದ ದಿನಗಳು ಮತ್ತು ಸಾವಿಗೇ ಹೋಗಿದೆ. ಮನಸ್ಸಿನ ಕಾಯಿಲೆಯಿಂದಲೇ ಅವರು ಅಷ್ಟು ದೊಡ್ಡ ಕಲಾವಿದರಾದರು ಎನ್ನುವ ಅರ್ಥವೂ ಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ.

ವರ್ಷಗಳನ್ನು ಒಮ್ಮೆ ನೋಡಿ. ಅವರ ಹೆಸರಿನದೇ ಮೊದಲ ಆಲ್ಬಂ ಬಂದದ್ದು 1976ರಲ್ಲಿ. ಆಗ ಅವರಿಗೆ 24 ವರ್ಷ. ಅದೇ ವರ್ಷ ಗಾಯಕಿ ಜೋನಿ ಮಿಚೆಲ್ ಅವರ 'ಹೆಜೀರಾ' ಆಲ್ಬಂನಲ್ಲೂ ಗಿಟಾರ್ ವಾದಕ ಪ್ಯಾಟ್ ಮೆಥೆನಿ ಅವರ ಮೊದಲ ಆಲ್ಬಂನಲ್ಲೂ ಅವರ ಬೇಸ್ ಇದೆ. 1977ರಲ್ಲಿ ಅವರು ನುಡಿಸುತ್ತಿದ್ದ ಜಾಝ್ ತಂಡ ವೆದರ್ ರಿಪೋರ್ಟ್‌ನ 'ಹೆವಿ ವೆದರ್' ಆಲ್ಬಂ ಬಂತು. ಅವರದು ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ಜಾರುವ ಕಾಯಿಲೆ ಎಂದು ವೈದ್ಯರು ಗುರುತಿಸಿದ್ದು 1982ರಲ್ಲಿ. ಆ ಹೊತ್ತಿಗೆ ಅವರ ಹೆಸರು ಉಳಿಸಿದ ಕೆಲಸವೆಲ್ಲ ಹೆಚ್ಚುಕಡಿಮೆ ಮುಗಿದಿತ್ತು.

ಆ ಕೆಲಸ ಬಂದದ್ದು ದುಡಿಮೆಯಿಂದ. ಜಾಕೊ ಬೆಳೆದದ್ದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ತಂದೆಯಂತೆ ಮೊದಲು ಡ್ರಮ್ಸ್ ಹಿಡಿದರು. ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟಾಗಿ ಬೇಸ್‌ಗೆ ಬಂದರು. ಗಾಯಕ ವೇಯ್ನ್ ಕಾಕ್ರನ್ ತಂಡದ ಜೊತೆ ಊರೂರು ಸುತ್ತಿ ನುಡಿಸಿದರು.

ಅವರ 1962ರ ಫೆಂಡರ್ ಜಾಝ್ ಬೇಸ್‌ಗೆ ಸ್ವರದ ಜಾಗ ತೋರುವ ಫ್ರೆಟ್ ಪಟ್ಟಿಗಳು ಇರಲಿಲ್ಲ. ಫ್ರೆಟ್ ಕಿತ್ತ ಜಾಗವನ್ನು ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದರು. ವೀಣೆಯ ಮೆಟ್ಟಿಲು ತೆಗೆದುಬಿಟ್ಟರೆ ಹೇಗೆ, ಹಾಗೆ. ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ನಾನು ಪಿಟೀಲು ಕಲಿತವನು, ಆ ಕಷ್ಟ ಗೊತ್ತು. ಅಂಥ ವಾದ್ಯದಲ್ಲಿ, ಜೊತೆಗೆ ಡಾನ್ ಅಲಾಯಸ್ ಅವರ ಕಾಂಗಾ (ಕೈಯಲ್ಲಿ ಬಾರಿಸುವ ಡ್ರಮ್) ಮಾತ್ರ ಇಟ್ಟುಕೊಂಡು, ಸ್ಯಾಕ್ಸೋಫೋನ್‌ನಲ್ಲೇ ಬೆವರಿಳಿಸುವ 'ಡೋನಾ ಲೀ' ಎಂಬ ಜಾಝ್ ರಚನೆಯನ್ನು ಅವರು ನುಡಿಸಿದರು. ತಮ್ಮದೇ ರಚನೆ 'ಪೋರ್ಟ್ರೇಟ್ ಆಫ್ ಟ್ರೇಸಿ'ಯಲ್ಲಿ ತಂತಿಯನ್ನು ಒತ್ತದೆ, ಬೆರಳ ತುದಿ ಸೋಕಿಸಿಯೇ ಗಂಟೆಯಂಥ ನಾದ ಹೊರಡಿಸುತ್ತಾರೆ. ಅದು ಒಂದೇ ಬೇಸ್ ಅಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನಿಮ್ಮ ಬರಹದಲ್ಲಿ ಇದ್ಯಾವುದೂ ಇರಲಿಲ್ಲ.

ಕಾಯಿಲೆ ಜಾಸ್ತಿಯಾದ ಮೇಲೆ ಅವಕಾಶಗಳು ತಪ್ಪಿದವು, ಮನೆ ಹೋಯಿತು. ಆ ಬೇಸ್ ಕೂಡ 1986ರಲ್ಲಿ ಕಳುವಾಯಿತು. 1987ರ ಸೆಪ್ಟೆಂಬರ್‌ನಲ್ಲಿ ಒಂದು ಕ್ಲಬ್ಬಿನ ಬಳಿ ತಿಂದ ಹೊಡೆತದಿಂದ ತೀರಿಕೊಂಡರು. 35 ವರ್ಷ. ಕಾಯಿಲೆ ಅವರಿಂದ ಕಿತ್ತುಕೊಂಡದ್ದೇ ಹೆಚ್ಚು.

ಇಷ್ಟು ಒತ್ತಿ ಬರೆಯಲು ಕಾರಣವಿದೆ. ನನ್ನ ತಮ್ಮ ಕೀಬೋರ್ಡ್ ನುಡಿಸುತ್ತಾನೆ. ಅವನಿಗೂ ಇದೇ ಕಾಯಿಲೆ. ಮಾತ್ರೆ ತಗೊಂಡರೆ ಕೈಯಲ್ಲಿರುವ ಸಂಗೀತ ಹೋಗುತ್ತದೆ ಅಂತ ಎರಡು ಸಲ ಮಾತ್ರೆ ನಿಲ್ಲಿಸಿದ್ದ. ಎರಡು ಸಲವೂ ಆಸ್ಪತ್ರೆ ಸೇರಿದ. ಭಾನುವಾರದ ಆ ಪುಟವನ್ನು ಅವನೂ ಓದಿದ. ಓದಿ, ನೋಡಿದೆಯಾ ಅಣ್ಣ ಅಂದ.

ಡಿಸೆಂಬರ್ 1 ಜಾಕೊ ಹುಟ್ಟಿದ ದಿನ. ಅಂದು ಅವರ ನುಡಿಸಾಣಿಕೆಯ ಬಗ್ಗೆಯೇ ಒಂದು ಬರಹ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಅದನ್ನೂ ಅವನ ಕೈಗೆ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗ, ಮೈಸೂರು