ಆರ್ಡರ್ ಇಲ್ಲದ ದಿನ

ಕ್ಷೇಮ
ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ನೀನು ಕೆಲಸ ಬಿಟ್ಟು ಆರ್ಡರ್ ಮೇಲೆ ಚಿತ್ರ ಬರೆದುಕೊಡಲು ಕೂತದ್ದು, ಅದಕ್ಕೆ ನಿಮ್ಮಪ್ಪ ಅಂದದ್ದು, ಅದೆಲ್ಲ ಮನೆಯಲ್ಲಿ ಎಷ್ಟೋ ಸಲ ಆಗಿಹೋದ ಮಾತು. ನಾನು ಮತ್ತೆ ಎತ್ತುವುದಿಲ್ಲ. ಬಾಡಿಗೆ ವಿಷಯ ಓದಿಯೂ ನನಗೆ ಅಷ್ಟೇನೂ ಆಗಲಿಲ್ಲ. ಮೂರನೇ ಪುಟದ ಕೊನೆಯಲ್ಲಿ, ಕೊರಿಯರ್‌ನಲ್ಲಿ ಚಿತ್ರದ ಗಾಜು ಒಡೆದದ್ದನ್ನು ಹೇಳಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ: "ಆರ್ಡರ್ ಇಲ್ಲದ ದಿನ ಖಾಲಿ ಹಾಳೆ ಮುಂದೆ ಕೂತರೆ ಏನೂ ತೋಚೋದೇ ಇಲ್ಲ ದೊಡ್ಡಪ್ಪ, ಯಾರಾದರೂ ಫೋಟೋ ಕೊಡದಿದ್ದರೆ ನನ್ನ ಕೈ ಸತ್ತ ಹಾಗಿರುತ್ತೆ." ಅದನ್ನು ಓದಿ ಹಿತ್ತಿಲಿಗೆ ಹೋಗಿ ನಿಂತೆ. ನಿಮ್ಮ ದೊಡ್ಡಮ್ಮ ಏನಾಯ್ತು ಅಂದಳು. ಏನಿಲ್ಲ ಅಂದೆ.

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ನಿನ್ನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆನಲ್ಲ, ಆವತ್ತೇ ನನಗೆ ಗೊತ್ತಾಗಬೇಕಿತ್ತು. ಬಂದವರೆಲ್ಲ ಮೊಬೈಲ್ ತೆಗೆದು ತೋರಿಸಿದರು. ನಾಯಿಮರಿ, ಅಜ್ಜ ಅಜ್ಜಿ, ಮದುವೆಯ ಜೋಡಿ. ನೀನು ಎಲ್ಲರಿಗೂ "ಮಾಡಿಕೊಡ್ತೀನಿ" ಅಂದೆ. ನೀನು ಏನು ಬರೀತಿದೀಯಮ್ಮ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ನೋಡು. ಎಷ್ಟು ಆರ್ಡರ್ ಬಂತು ಅಂತ ಕೇಳಿದೆ.

ಆರ್ಡರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಕಲೆ ಬೆಳೆದದ್ದೇ ಹೇಳಿ ಬರೆಸಿದವರಿಂದ. ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದರು, ಚಿತ್ರಗಾರರು ಬರೆದರು. 1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿಸಿ ಗೋಡೆಗಳ ಮೇಲೂ ಬರೆಸಿದರು. ರವಿವರ್ಮ ಕೂಡ ಅರಮನೆ ಹೇಳಿದ್ದನ್ನು ಬರೆದವರೇ. ಇದನ್ನೆಲ್ಲ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ನಿನಗೂ ಅದನ್ನೇ ಬರೆದು ಮುಗಿಸಬಹುದಿತ್ತು. ಆದರೆ ನೀನು ಕೇಳಿದ್ದು ಅದಲ್ಲ.

ನಿನಗೆ ಹೇಳದ ಒಂದು ವಿಷಯ ಇದೆ. ನಾನು ಹದಿನೆಂಟು ವರ್ಷ ಒಂದೇ ಅಂಗಡಿಗೆ ಬರೆದುಕೊಟ್ಟೆ. ರಾಜರಾಜೇಶ್ವರಿ, ಶ್ರೀರಾಮ ಪಟ್ಟಾಭಿಷೇಕ, ಗಜಲಕ್ಷ್ಮಿ. ಅಂಗಡಿಯವರು ಕೆಳಗೆ ಹೆಸರು ಹಾಕಬೇಡಿ ಅಂದಿದ್ದರು, ಹಾಕಲಿಲ್ಲ. ಕೈ ಎಷ್ಟು ಪಳಗಿತ್ತು ಅಂದರೆ, ಸಫೇದ ಅನ್ನುವ ಬಿಳಿ ಪುಡಿ ಅರೆದು ಅಂಟು, ರೇವಲಚಿನ್ನಿಯ ಹಳದಿ ಬೆರೆಸಿ ಕುಂಚದ ತುದಿಯಲ್ಲಿ ಪ್ರಭಾವಳಿಯ ಬಳ್ಳಿ ಎಳೆಯುವಾಗ ನಾನು ರೇಡಿಯೋದಲ್ಲಿ ವಾರ್ತೆ ಕೇಳುತ್ತಿದ್ದೆ. ತಂಜಾವೂರಿನವರ ಹಾಗೆ ದಪ್ಪ ಎಬ್ಬಿಸಿ ಕಲ್ಲು ಕೂರಿಸುವ ಕೆಲಸವಲ್ಲ ನಮ್ಮದು. ಗೆರೆ ಬೆರಳಿಗೆ ತಾಕಿಯೂ ತಾಕದಂತೆ ಇರಬೇಕು. ಅದರ ಮೇಲೆ ಚಿನ್ನದ ರೇಕು ಕೂರಿಸಿ, ತೆಳು ಕಾಗದ ಇಟ್ಟು ನುಣುಪು ಕಲ್ಲಿನಿಂದ ಉಜ್ಜಿದಾಗ ಬರುವ ಹೊಳಪಿದೆಯಲ್ಲ, ಅದನ್ನು ನೋಡುವುದು ಇವತ್ತಿಗೂ ನನಗೆ ಇಷ್ಟ. ಆ ಕೆಲಸಕ್ಕೆ ನಾನು ದ್ರೋಹ ಬಗೆಯುವುದಿಲ್ಲ.

1986ರಲ್ಲಿ ಒಂದು ಪಟ್ಟಾಭಿಷೇಕ ತಲುಪಿಸಲು ಬೆಂಗಳೂರಿಗೆ ಬಂದಿದ್ದೆ. ರೈಲಿಗೆ ಹೊತ್ತಿತ್ತು, ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋದೆ. ವೆಂಕಟಪ್ಪನವರೂ ಚಿತ್ರಗಾರರ ಮನೆಯಲ್ಲೇ ಹುಟ್ಟಿದವರು, ಆಮೇಲೆ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತರು. ಅವರ ಊಟಿಯ ಜಲವರ್ಣಗಳ ಮುಂದೆ ನಿಂತೆ. ದೇವರಿಲ್ಲ, ಮಂಟಪವಿಲ್ಲ, ಚಿನ್ನದ ಒಂದು ಚೂರಿಲ್ಲ. ಬೆಟ್ಟ ಮತ್ತು ಬೆಳಕು. ರೈಲು ತಪ್ಪಿತು.

ಮನೆಗೆ ಬಂದು ನಿಮ್ಮಜ್ಜಿಯನ್ನು ಕೂರಿಸಿಕೊಂಡೆ. ಅಮ್ಮ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಎರಡು ಮಧ್ಯಾಹ್ನ ಬರೆದೆ. ತೋರಿಸಿದೆ. ಅವಳು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಚೆನ್ನಾಗಿದೆ ಕಣೋ, ಇದು ರಾಜರಾಜೇಶ್ವರಿ ಅಲ್ವಾ? ನನ್ನ ಹಲ್ಲೆಲ್ಲಿ?" ಅಂದಳು. ಅವಳ ಮುಂದಿನ ಹಲ್ಲು ಉಬ್ಬಿತ್ತು, ನಿನಗೆ ನೆನಪಿರಬೇಕು. ನಾನು ಅವಳನ್ನೇ ನೋಡಿಕೊಂಡು ಬರೆದಿದ್ದೆ ಪುಟ್ಟಿ. ಆದರೆ ಕೈ ತನಗೆ ಗೊತ್ತಿದ್ದ ಕಣ್ಣು, ಗೊತ್ತಿದ್ದ ತುಟಿಯನ್ನೇ ಬರೆದಿತ್ತು. ಅವಳೇನೋ ನಕ್ಕಳು. ನಾನು ಆ ಹಾಳೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಆಮೇಲೆ ಯಾರೂ ಹೇಳದ ಚಿತ್ರವನ್ನು ನಾನು ಬರೆಯಲಿಲ್ಲ. ಅಮ್ಮ ಇನ್ನೂ ಹದಿನಾಲ್ಕು ವರ್ಷ ಅದೇ ಪಡಸಾಲೆಯಲ್ಲಿ ಕೂತಿದ್ದಳು. ಮತ್ತೊಂದು ಸಲ ಬರೆಯಬಹುದಿತ್ತು, ಕೆಟ್ಟದಾಗಿಯಾದರೂ. ಹೆದರಿಬಿಟ್ಟೆ.

ಹಾಗಾಗಿ ನೀನು "ಕೈ ಸತ್ತ ಹಾಗೆ" ಅಂದಾಗ ನನಗೆ ಅದು ಬರೀ ಬೇಸರದ ಮಾತು ಅನ್ನಿಸಲಿಲ್ಲ. ಒಂದು ಸಣ್ಣ ಸಮಾಧಾನ ಇದೆ: ನಿನಗೆ ಅದು ಎರಡೇ ವರ್ಷಕ್ಕೆ ಗೊತ್ತಾಗಿದೆ. ನನಗೆ ಅಮ್ಮ ಹೇಳುವವರೆಗೂ ಗೊತ್ತಾಗಿರಲಿಲ್ಲ.

ಏನು ಮಾಡಬೇಕು ಅಂತ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ ತೋಚಿದ್ದು ಬರೆಯುತ್ತೇನೆ, ಸರಿಯೆನಿಸಿದ್ದು ಇಟ್ಟುಕೋ. ಅರ್ಧ ದುಡ್ಡು ಮೊದಲೇ ತೆಗೆದುಕೊಂಡರೆ ತಿಂಗಳಿಗೆ ಒಂದು ಆರ್ಡರ್ ಬೇಡ ಅನ್ನುವ ಧೈರ್ಯ ಬರುತ್ತದೆ. ನನಗದು ಇರಲಿಲ್ಲ, ಚಿತ್ರ ಒಪ್ಪಿಸಿ ದುಡ್ಡಿಗೆ ಕಾಯುತ್ತಿದ್ದೆ. ಮೂಗು ಸಣ್ಣ ಮಾಡಿ, ಬಣ್ಣ ತಿಳಿ ಮಾಡಿ ಅಂತ ಐದು ಸಲ ತಿದ್ದಿಸಿದರು ಅಂತ ಬರೆದಿದ್ದೀಯ. ಪೆನ್ಸಿಲ್ ಹಂತದಲ್ಲೇ ತೋರಿಸಿ ಒಪ್ಪಿಗೆ ಪಡೆ, ತಿದ್ದುವುದು ಎರಡು ಸಲ ಮಾತ್ರ ಅಂತ ಮೊದಲೇ ಹೇಳು. ಗಾಜು ಹಾಕಿ ಕಳಿಸಬೇಡ, ಅವರೇ ಅಲ್ಲಿ ಫ್ರೇಮ್ ಹಾಕಿಸಿಕೊಳ್ಳಲಿ.

ಇನ್ನೊಂದು. ಪರಿಚಯದ ವಕೀಲರನ್ನು ಕೇಳಿದೆ. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದಂತೆ. 1957ರ ಕಾಯ್ದೆಯ 17ನೇ ಸೆಕ್ಷನ್. ನನಗೆ ಇದು ಈ ವಯಸ್ಸಿನಲ್ಲಿ ಗೊತ್ತಾಯಿತು. ಆರ್ಡರ್ ಒಪ್ಪಿಕೊಳ್ಳುವಾಗಲೇ ಹಕ್ಕು ನನ್ನದು ಅಂತ ಒಂದು ಸಾಲು ಬರೆದು ಅವರ ಸಹಿ ಹಾಕಿಸಿಕೋ. ಹಕ್ಕು ಕೊಟ್ಟುಬಿಟ್ಟರೂ ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವುದನ್ನು ಯಾರೂ ತಪ್ಪಿಸುವ ಹಾಗಿಲ್ಲ, ಅದು 57ನೇ ಸೆಕ್ಷನ್ ಅಂದರು. ಆದ್ದರಿಂದ ನಾಯಿಮರಿ ಚಿತ್ರವೇ ಆಗಲಿ, ಕೆಳಗೆ ಹೆಸರು ಹಾಕು. ಇದೊಂದನ್ನು ಮಾತ್ರ ನಾನು ಜೋರು ಮಾಡಿ ಹೇಳುತ್ತೇನೆ.

ಆದರೆ ಇದ್ಯಾವುದೂ ಖಾಲಿ ಹಾಳೆಗೆ ಔಷಧಿಯಲ್ಲ, ಅದು ನನಗೆ ಗೊತ್ತು. ವಾರಕ್ಕೆ ಒಂದು ಬೆಳಗ್ಗೆ ಫೋನು ಪಕ್ಕದ ಕೋಣೆಯಲ್ಲಿಟ್ಟು, ಕಣ್ಣೆದುರಿಗೆ ಏನಿದೆಯೋ ಅದನ್ನು ಬರೆ. ಪಾತ್ರೆ ತೊಳೆಯುವ ಜಾಗ, ನಿನ್ನದೇ ಎಡಗೈ, ಎದುರು ಮನೆಯವರು ಒಣಹಾಕಿದ ಬಟ್ಟೆ. ಚೆನ್ನಾಗಿ ಬರುವುದಿಲ್ಲ. ಬರದಿದ್ದರೆ ಬರದೇ ಇರಲಿ, ಅದನ್ನು ಯಾರಿಗೂ ಮಾರುವುದಿಲ್ಲವಲ್ಲ. ಹರಿದುಹಾಕಬೇಡ, ನನಗೆ ಕಳಿಸು. ಅಮ್ಮನ ಆ ಹಾಳೆಯನ್ನೂ ನಿನಗೆ ತೋರಿಸುತ್ತೇನೆ, ಇಲ್ಲಿಯವರೆಗೆ ಅಮ್ಮನನ್ನು ಬಿಟ್ಟು ಯಾರಿಗೂ ತೋರಿಸಿಲ್ಲ.

ಭಾನುವಾರ ಹಿತ್ತಿಲ ಹುಣಸೆಯ ಸಣ್ಣ ಕಡ್ಡಿ ಮುರಿದು, ಹಳೆಯ ಕಬ್ಬಿಣದ ಕೊಳವೆಯಲ್ಲಿ ತುಂಬಿ, ಬಾಯಿ ಮುಚ್ಚಿ ಸುಟ್ಟೆ. ತುಂಬ ವರ್ಷ ಆಗಿತ್ತು, ಮೊದಲನೇ ಸಲ ಬೂದಿಯಾಯಿತು. ಎರಡನೇ ಸಲದ್ದರಲ್ಲಿ ಹನ್ನೆರಡು ಇದ್ದಿಲ ಕಡ್ಡಿ ಸರಿಯಾಗಿ ಬಂದಿವೆ. ಆರನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಮೆತ್ತಗೆ ಹಿಡಿ, ಬೇಗ ಮುರಿಯುತ್ತವೆ. ಉಳಿದ ಆರು ನನ್ನ ಹತ್ತಿರ ಇವೆ.

ಇತಿ,
ನಿನ್ನ ದೊಡ್ಡಪ್ಪ